ಆ್ಯಪಿನಲ್ಲಿ ದುಡ್ಡು ಕೇಳುವ ಮೊದಲು: ಸ್ಟೋರ್ ಕಮಿಷನ್ ಲೆಕ್ಕ ಹೆಜ್ಜೆ ಹೆಜ್ಜೆಯಾಗಿ

ಮಂಡ್ಯದ ಎಪಿಎಂಸಿಗೆ ಬೆಲ್ಲ ತರುವವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. ಹರಾಜಿನಲ್ಲಿ ಕೂಗಿದ ರೇಟು ಒಂದು, ಮನೆಗೆ ಬರುವ ದುಡ್ಡು ಇನ್ನೊಂದು. ಗಾಡಿ ಬಾಡಿಗೆ, ಹಮಾಲಿ, ಅದು ಇದು ಎಲ್ಲ ಕಳೆದು ಉಳಿದದ್ದೇ ಅವರ ಬೆಲೆ. ಆಲೆಮನೆಯಿಂದ ಗಾಡಿ ಹೊರಡುವ ಮೊದಲೇ ಅದನ್ನು ಬೆರಳಲ್ಲಿ ಎಣಿಸಿರುತ್ತಾರೆ.

ಆ್ಯಪಿನ ಒಳಗೆ ಮಾರಿದ್ದರಲ್ಲಿ ಆ್ಯಪಲ್, ಗೂಗಲ್ ಸ್ಟೋರುಗಳು ಒಂದು ಪಾಲನ್ನು ಕಮಿಷನ್ ಅಂತ ಹಿಡಿದುಕೊಳ್ಳುತ್ತವೆ. ಆದರೆ ಆ್ಯಪ್ ಮಾಡುವ ನಾವು ಈ ಲೆಕ್ಕವನ್ನು ಕೊನೆಗೆ ಮಾಡುತ್ತೇವೆ. ನಾನು ಮತ್ತು ನನ್ನ ಗೆಳೆಯ ಸರಸ್ವತಿಪುರಂನ ಒಂದು ಮಹಡಿ ಕೋಣೆಯಲ್ಲಿ ಕೂತು ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರಿಗಾಗಿ ಕನ್ನಡದಲ್ಲಿ ಮಾದರಿ ಪರೀಕ್ಷೆಗಳ ಆ್ಯಪ್ ಮಾಡಿದೆವು. ಪ್ರಶ್ನೆ ಬರೆಯಲು ಎಂಟು ತಿಂಗಳು ಹಿಡಿಯಿತು. ಬೆಲೆ ಇಡಲು ತೆಗೆದುಕೊಂಡದ್ದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಆ ಅವಸರಕ್ಕೆ ಆಮೇಲೆ ಒಂದು ವರ್ಷ ಬೆಲೆ ತೆತ್ತೆವು. ಮೈಸೂರು, ಮಂಡ್ಯ ಕಡೆ ಒಬ್ಬರೋ ಇಬ್ಬರೋ ಸೇರಿ ಆ್ಯಪ್ ಮಾಡುವವರು ನಮ್ಮ ಹಾಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಕೊನೆಯ ಭಾಗ ಆ್ಯಪ್ ಕೊಳ್ಳುವವರಿಗೆ.

ಹೆಜ್ಜೆ 1: ನೀವು ಮಾರುತ್ತಿರುವುದು ಏನು ಅಂತ ಮೊದಲು ತೀರ್ಮಾನಿಸಿ

ಉಳಿದ ಎಲ್ಲ ಲೆಕ್ಕವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಕೋಡ್ ಬರೆಯುವ ಮೊದಲೇ ಇದನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಕೈಯಲ್ಲಿ ಹಿಡಿಯುವ ವಸ್ತು, ಅಥವಾ ಆ್ಯಪಿನ ಹೊರಗೆ ನಡೆಯುವ ಸೇವೆಯಾದರೆ ಆ್ಯಪಲ್ಲಿಗೂ ಗೂಗಲ್ಲಿಗೂ ಕಮಿಷನ್ ಕೊಡಬೇಕಿಲ್ಲ. ಸ್ಟೋರಿನ ಬಿಲ್ಲಿಂಗನ್ನು, ಅಂದರೆ ಸ್ಟೋರೇ ಹಣ ಪಡೆಯುವ ವ್ಯವಸ್ಥೆಯನ್ನು, ಅಲ್ಲಿ ಬಳಸುವ ಹಾಗೂ ಇಲ್ಲ. ಮದ್ದೂರಿನ ಆಲೆಮನೆಯಿಂದ ಬೆಲ್ಲ ಮನೆಗೆ ತಲುಪಿಸುವ ಆ್ಯಪ್, ನಂಜನಗೂಡು ರಸಬಾಳೆ ಮಾರುವ ಆ್ಯಪ್, ಆಟೋ ಕರೆಸುವ ಆ್ಯಪ್ ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ. ಯುಪಿಐ ಇಡಿ, ಕಾರ್ಡ್ ಇಡಿ, ಮನೆ ಬಾಗಿಲಲ್ಲಿ ನಗದು ತಗೊಳ್ಳಿ. ಊಟ ತರಿಸುವ ಆ್ಯಪ್‌ಗಳು ನೇರವಾಗಿ ಯುಪಿಐ ತೆಗೆದುಕೊಳ್ಳುವುದು ಈ ನಿಯಮದಿಂದಲೇ.

ಆ್ಯಪಿನ ಒಳಗೇ ಬಳಸುವಂಥದ್ದಾದರೆ ಅದು ಡಿಜಿಟಲ್ ಮಾಲು. ಮಾದರಿ ಪರೀಕ್ಷೆ, ಧ್ವನಿ ಕಥೆ, ರೆಕಾರ್ಡ್ ಮಾಡಿದ ಪಾಠ, ಆಟದ ನಾಣ್ಯ, ಜಾಹೀರಾತು ತೆಗೆಯುವ ಸೌಲಭ್ಯ. ಕಮಿಷನ್ ಬರುವುದು ಇಲ್ಲಿ.

ಇವೆರಡರ ಮಧ್ಯೆ ಗೊಂದಲದ ಜಾಗ ಒಂದಿದೆ. ಗೋಕುಲಂನ ಒಬ್ಬ ಯೋಗ ಶಿಕ್ಷಕಿಯನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿ ಬಂದು ಅವರ ಹಾಲಿನಲ್ಲೇ ಚಾಪೆ ಹಾಸಿದರೆ ಅದು ಹೊರಗಿನ ಸೇವೆ, ಕಮಿಷನ್ ಇಲ್ಲ. ಅವರೇ ವಿಡಿಯೊ ಕರೆಯಲ್ಲಿ ಒಬ್ಬರಿಗೆ ಒಬ್ಬರಂತೆ ನೇರವಾಗಿ ಹೇಳಿಕೊಟ್ಟರೆ, ಐಫೋನ್ ಆ್ಯಪಿನಲ್ಲೂ ಬೇರೆ ದಾರಿಯಲ್ಲಿ ಹಣ ಪಡೆಯಲು ಆ್ಯಪಲ್ ನಿಯಮ ಬಿಡುತ್ತದೆ. ಅದೇ ಪಾಠವನ್ನು ಹತ್ತು ಜನಕ್ಕೆ ಒಟ್ಟಿಗೆ ನೇರಪ್ರಸಾರ ಮಾಡಿದರೆ ಆ್ಯಪಲ್ ಬಿಲ್ಲಿಂಗ್ ಬೇಕು. ರೆಕಾರ್ಡ್ ಮಾಡಿ ಮಾರಿದರೂ ಬೇಕು. ಶಿಕ್ಷಕಿ ಅವರೇ, ಆಸನ ಅದೇ. ಕಮಿಷನ್ ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಎರಡೂ ಬೆರೆತಿದ್ದರೆ ಬಿಡಿಸಿ ಇಡಿ. ನಮ್ಮ ಆ್ಯಪಿನಲ್ಲಿ ಅಂಚೆಯಲ್ಲಿ ಕಳಿಸುವ ಪುಸ್ತಕವೂ ಇತ್ತು, ಮೊಬೈಲಲ್ಲೇ ಬರೆಯುವ ಪರೀಕ್ಷೆಯೂ ಇತ್ತು. ಎರಡನ್ನೂ ಒಂದೇ ಪ್ಯಾಕೇಜ್ ಮಾಡಿ ಯುಪಿಐ ಬಟನ್ ಇಟ್ಟೆವು. ಆ ಅಪ್‌ಡೇಟ್ ತಿರಸ್ಕೃತವಾಯಿತು. ತಪ್ಪು ನಮ್ಮದೇ, ನಿಯಮ ಸ್ಪಷ್ಟವಾಗಿಯೇ ಇತ್ತು. ಈಗ ಪುಸ್ತಕಕ್ಕೆ ಯುಪಿಐ, ಪರೀಕ್ಷೆಗೆ ಸ್ಟೋರ್ ಬಿಲ್ಲಿಂಗ್. ಬಟನ್ ಬೇರೆ, ರಸೀದಿಯೂ ಬೇರೆ.

ಹೆಜ್ಜೆ 2: ದರ ತಿಳಿದುಕೊಳ್ಳಿ, ಕಡಿಮೆ ದರಕ್ಕೆ ಅರ್ಜಿ ಹಾಕಿ

2008ರಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ ಇಟ್ಟ ದರ ಶೇ 30. ಗೂಗಲ್ ಕೂಡ ಅದೇ ದರಕ್ಕೆ ಬಂತು. ಹತ್ತು ಹನ್ನೆರಡು ವರ್ಷ ಆ ಮೂಲ ದರ ಅಲುಗಾಡಲಿಲ್ಲ.

ಆಮೇಲೆ ಸಣ್ಣವರಿಗೆ ಸ್ವಲ್ಪ ಇಳಿಯಿತು. 2021ರ ಜನವರಿ 1ರಿಂದ ಆ್ಯಪಲ್, ಹಿಂದಿನ ವರ್ಷ 10 ಲಕ್ಷ ಡಾಲರ್‌ವರೆಗೆ ಗಳಿಸಿದ ಡೆವಲಪರ್‌ಗಳಿಗೆ ಶೇ 15 ಮಾಡಿತು. ಗೂಗಲ್ 2021ರ ಜುಲೈ 1ರಿಂದ ಪ್ರತಿ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಶೇ 15 ಮಾಡಿತು. 2022ರ ಜನವರಿಯಿಂದ ಗೂಗಲ್‌ನ ಪ್ಲೇ ಸ್ಟೋರಿನಲ್ಲಿ ಚಂದಾ ಮಾರುವವರಿಗೆ ಮೊದಲ ದಿನದಿಂದಲೇ ಶೇ 15. ಮೈಸೂರಿನ ಒಂದು ಕೋಣೆಯಲ್ಲಿ ಕೂತ ಇಬ್ಬರಿಗೆ 10 ಲಕ್ಷ ಡಾಲರ್ ಮಿತಿ ಕಣ್ಣಿಗೆ ಕಾಣದಷ್ಟು ದೂರ. ಹಾಗಾಗಿ ನಮ್ಮಂಥವರ ಲೆಕ್ಕ ಶೇ 15ರಿಂದ ಶುರುವಾಗಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಆ್ಯಪಲ್‌ನ ಸಣ್ಣ ಉದ್ದಿಮೆ ಯೋಜನೆಗೆ ನೀವೇ ಅರ್ಜಿ ಹಾಕಬೇಕು. ಡೆವಲಪರ್‌ಗಳ ನಿರ್ವಹಣಾ ಪುಟವಾದ ಪ್ಲೇ ಕನ್ಸೋಲಿನಲ್ಲೂ, ಚಂದಾ ಬಿಟ್ಟು ಉಳಿದ ಮಾರಾಟದ ಶೇ 15ರ ದರಕ್ಕೆ ನೀವೇ ಸೇರಿಕೊಳ್ಳಬೇಕು. ಸುಮ್ನೆ ಕೂತರೆ ಶೇ 30 ಕಡಿತ ನಡೆಯುತ್ತಲೇ ಇರುತ್ತದೆ. ಇದನ್ನು ಓದುತ್ತಿರುವಾಗ ನಿಮ್ಮ ಆ್ಯಪ್ ಈಗಾಗಲೇ ಸ್ಟೋರಿನಲ್ಲಿದ್ದರೆ, ಇಲ್ಲೇ ನಿಲ್ಲಿಸಿ, ಹೋಗಿ ನೋಡಿ ಬನ್ನಿ. ದರಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಬೆಲೆ ನಿಗದಿ ಮಾಡುವ ದಿನ ಕನ್ಸೋಲಿನಲ್ಲಿ ಕಾಣುವ ದರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಜ್ಜೆ 3: 590 ರೂಪಾಯಿಯ ಲೆಕ್ಕ

ವರ್ಷಕ್ಕೆ 590 ರೂಪಾಯಿ ಚಂದಾ ಅಂತ ಇಟ್ಟುಕೊಳ್ಳೋಣ. ಡಿಜಿಟಲ್ ಸೇವೆಗೆ ಜಿಎಸ್‌ಟಿ ಶೇ 18. ಅಂದರೆ ನಿಮ್ಮ ಬೆಲೆ 500, ತೆರಿಗೆ 90. ತೆರಿಗೆ ನಿಮ್ಮ ದುಡ್ಡಲ್ಲ, ಮೊದಲೇ ಪಕ್ಕಕ್ಕಿಡಿ. ಕಮಿಷನ್ನನ್ನು 500ರ ಮೇಲೆ ಹಾಕೋಣ.

ಶೇ 30 ಇದ್ದರೆ 150 ಹೋಗಿ 350 ಉಳಿಯುತ್ತದೆ. ಶೇ 15 ಇದ್ದರೆ 75 ಹೋಗಿ 425. ಆ್ಯಪಲ್‌ಗೆ ಒಂದು ಅರ್ಜಿ ಹಾಕದೆ ಬಿಟ್ಟರೆ ಒಬ್ಬ ಗ್ರಾಹಕನಿಂದ ಕಳೆದುಕೊಳ್ಳುವುದು 75 ರೂಪಾಯಿ.

ನಿಮ್ಮದೇ ವೆಬ್‌ಸೈಟಿನಲ್ಲಿ ಮಾರಿದರೆ? ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿ, ಸಾಮಾನ್ಯವಾಗಿ ಶೇ 2ರ ಆಸುಪಾಸು ತೆಗೆದುಕೊಳ್ಳುತ್ತದೆ. 590ಕ್ಕೆ ಸುಮಾರು 12 ರೂಪಾಯಿ. ಉಳಿಯುವುದು 488.

ಮೂರನೆಯ ದಾರಿಯೂ ಇದೆ. 2023ರಿಂದ ಗೂಗಲ್ ಭಾರತದಲ್ಲಿ ಬಳಕೆದಾರರ ಆಯ್ಕೆಯ ಬಿಲ್ಲಿಂಗ್ ತಂದಿತು. ಹಣ ಕೊಡುವಾಗ ಗ್ರಾಹಕನಿಗೆ ಎರಡು ಆಯ್ಕೆ ಕಾಣುತ್ತವೆ: ಗೂಗಲ್ ಪ್ಲೇ, ಇಲ್ಲವೇ ನಿಮ್ಮ ಗೇಟ್‌ವೇ. ನಿಮ್ಮದನ್ನು ಆರಿಸಿದರೆ ಕಮಿಷನ್ನಿನಲ್ಲಿ 4 ಅಂಶ ಕಡಿಮೆ. ಕೇಳಲು ಚೆನ್ನಾಗಿದೆ ಅಲ್ವಾ? ಲೆಕ್ಕ ಹಾಕಿ ನೋಡಿ. 15ರ ಬದಲು 11 ಅಂದರೆ 55 ರೂಪಾಯಿ ಕಮಿಷನ್. ಮೇಲೆ ಗೇಟ್‌ವೇಗೆ 12. ಉಳಿಯುವುದು 433. ಸ್ಟೋರಿನ ದಾರಿಗಿಂತ ಜಾಸ್ತಿ ಸಿಕ್ಕಿದ್ದು 8 ರೂಪಾಯಿ. ಆ 8 ರೂಪಾಯಿಗೆ ಪ್ರತಿಯೊಂದು ವ್ಯವಹಾರವನ್ನೂ ಗೂಗಲ್ಲಿಗೆ ವರದಿ ಮಾಡುವ ಕೋಡ್ ಬರೆಯಬೇಕು. ಹಣ ವಾಪಸಾತಿ, ಗ್ರಾಹಕರ ದೂರು ಎಲ್ಲ ನಿಮ್ಮ ತಲೆಗೇ ಬರುತ್ತದೆ. ದೊಡ್ಡ ಕಂಪನಿಗೆ ಇದು ಹೊಂದಬಹುದು. ಇಬ್ಬರೇ ಇರುವ ತಂಡಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಜಿಎಸ್‌ಟಿ ವಿಷಯಕ್ಕೆ ಒಂದು ಮಾತು. ಸೇವೆಗೆ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಬೇಕರಿ, ಕಾಂಡಿಮೆಂಟ್ಸ್‌ನವರು ಕಂಗಾಲಾಗಿದ್ದು ನಿಮಗೆ ನೆನಪಿರಬಹುದು. ಪುಸ್ತಕ ಮಾರಿದ ಹಣ, ಚಂದಾ ಹಣ, ಮನೆಯವರು ಕಳಿಸಿದ ಹಣ ಎಲ್ಲ ಒಂದೇ ಖಾತೆಯಲ್ಲಿ ಬೆರೆಸಬೇಡಿ. ಆ್ಯಪಿಗೆ ಬೇರೆ ಚಾಲ್ತಿ ಖಾತೆ ತೆರೆಯಿರಿ. ಮೊದಲ ರೂಪಾಯಿ ಬರುವ ಮೊದಲೇ ಆಡಿಟರ್ ಹತ್ತಿರ ಒಂದು ಗಂಟೆ ಕೂತು, ಸ್ಟೋರ್ ಮೂಲಕ ಮಾರಿದ್ದಕ್ಕೆ ತೆರಿಗೆ ಯಾರು ಕಟ್ಟಬೇಕು ಅಂತ ಬರೆಸಿಕೊಳ್ಳಿ.

ಹೆಜ್ಜೆ 4: ದಾರಿ ಆರಿಸಿ

ಸಣ್ಣ ತಂಡಕ್ಕೆ ನಾನು ಹೇಳುವುದು ಎರಡೇ ದಾರಿ.

ಒಂದು, ಆ್ಯಪಿನಲ್ಲಿ ಸ್ಟೋರ್ ಬಿಲ್ಲಿಂಗ್, ಜೊತೆಗೆ ಹೊರಗೆ ಒಂದು ವೆಬ್‌ಸೈಟ್. ವೆಬ್‌ಸೈಟಿನಲ್ಲಿ ಕೊಂಡವರು ಆ್ಯಪಿನಲ್ಲಿ ಲಾಗಿನ್ ಆದರೆ ಎಲ್ಲ ತೆರೆಯಬೇಕು. ಆ್ಯಪಲ್ ಇದಕ್ಕೆ ಒಪ್ಪುತ್ತದೆ, ಆದರೆ ಅದೇ ವಸ್ತು ಆ್ಯಪಿನ ಒಳಗೂ ಖರೀದಿಗೆ ಸಿಗಬೇಕು. ವೆಬ್‌ಸೈಟಿನಲ್ಲಿ ಬೆಲೆಯನ್ನು 515ಕ್ಕೆ ಇಳಿಸಿದರೂ ತೆರಿಗೆ, ಗೇಟ್‌ವೇ ಕಳೆದು ನಿಮಗೆ ಸುಮಾರು 426 ಉಳಿಯುತ್ತದೆ. ಸ್ಟೋರಿನಲ್ಲಿ 590ಕ್ಕೆ ಮಾರಿದಷ್ಟೇ. ಗ್ರಾಹಕನಿಗೆ 75 ರೂಪಾಯಿ ಉಳಿತಾಯ. ಮುಕ್ತ ಗಂಗೋತ್ರಿಯಲ್ಲಿ ತರಬೇತಿಗೆ ಬಂದು ರೂಮು ಮಾಡಿಕೊಂಡು ಓದುವ ಹುಡುಗನಿಗೆ 75 ರೂಪಾಯಿ ಸಣ್ಣದಲ್ಲ.

ಇನ್ನೊಂದು, ಆ್ಯಪಿನಲ್ಲಿ ಏನನ್ನೂ ಮಾರದೆ ಬರೀ ಲಾಗಿನ್ ಇಡುವುದು. ಪ್ಲೇಯಲ್ಲಿ ಯಾವ ಆ್ಯಪ್ ಬೇಕಾದರೂ ಹೀಗಿರಬಹುದು. ಆ್ಯಪಲ್‌ನಲ್ಲಿ ಪತ್ರಿಕೆ, ಪುಸ್ತಕ, ಆಡಿಯೊ, ಸಂಗೀತ, ವಿಡಿಯೊ ಕೊಡುವ ರೀಡರ್ ಆ್ಯಪ್‌ಗಳಿಗೆ ಈ ದಾರಿ ಇದೆ. ಐಫೋನಿನ ಕಿಂಡಲ್ ಆ್ಯಪಿನಲ್ಲಿ ಬಹಳ ವರ್ಷ ಪುಸ್ತಕ ಕೊಳ್ಳುವ ಬಟನ್ ಇರಲಿಲ್ಲವಲ್ಲ, ಅದು ಇದೇ ಕಾರಣಕ್ಕೆ. ಕಮಿಷನ್ ಸೊನ್ನೆ. ಆದರೆ ಹೊಸಬರು ಆ್ಯಪ್ ತೆರೆದು, ಹೇಗೆ ಸೇರುವುದು ಅಂತ ತಿಳಿಯದೆ ಮುಚ್ಚಿಬಿಡುತ್ತಾರೆ. ನಿಮಗೆ ಆಗಲೇ ಓದುಗರಿದ್ದರೆ, ತರಗತಿಯ ವಾಟ್ಸ್‌ಆ್ಯಪ್ ಗುಂಪು ಇದ್ದರೆ ಮಾತ್ರ ಇದು ನಡೆಯುತ್ತದೆ.

ಹೆಜ್ಜೆ 5: ಖಾತೆ, ಪರೀಕ್ಷೆ, ಮತ್ತು ಮೂರು ದಿನದ ಗಡುವು

ಪ್ಲೇ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್. ಆ್ಯಪಲ್‌ಗೆ ವರ್ಷ ವರ್ಷ 99 ಡಾಲರ್. ಮೊದಲ ವರ್ಷ ಆಂಡ್ರಾಯ್ಡ್ ಸಾಕು. ನಮ್ಮ ಕಡೆ ಓದುವ ಹುಡುಗರ ಕೈಯಲ್ಲಿರುವುದು ಹೆಚ್ಚಾಗಿ ಅದೇ.

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಗಳಿಗೆ ಇನ್ನೊಂದು ಷರತ್ತಿದೆ. ಆ್ಯಪ್ ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು, ಆಯ್ದ ಕೆಲವರಿಗೆ ಮಾತ್ರ ಕೊಟ್ಟು ನೋಡುವ ಮುಚ್ಚಿದ ಪರೀಕ್ಷೆ ನಡೆಸಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಅವರು ಸತತ 14 ದಿನ ಪರೀಕ್ಷೆಯಲ್ಲಿ ಉಳಿಯಬೇಕು. ಹದಿನೈದು ಹದಿನಾರು ಜನರನ್ನು ಸೇರಿಸಿ, ಮಧ್ಯೆ ಯಾರಾದರೂ ಬಿಟ್ಟು ಹೋಗಿಯೇ ಹೋಗುತ್ತಾರೆ. ನೆಂಟರಿಗಿಂತ ನಿಮ್ಮ ಆ್ಯಪ್ ನಿಜವಾಗಿ ಬೇಕಾದವರನ್ನು ಹಿಡಿಯಿರಿ. ತಪ್ಪು ಪ್ರಶ್ನೆ ಎಲ್ಲಿದೆ ಅಂತ ಅವರೇ ಹೇಳುತ್ತಾರೆ.

ಇನ್ನು ನಮ್ಮ ದೊಡ್ಡ ತಪ್ಪಿನ ಕಥೆ. ಬಿಡುಗಡೆಯಾದ ಮೊದಲ ವಾರ ನಲವತ್ತಕ್ಕೂ ಹೆಚ್ಚು ಜನ ಚಂದಾ ಕೊಂಡರು. ನಾವು ಸಂತೋಷವಾಗಿ ಚಾಮುಂಡಿ ಬೆಟ್ಟ ಹತ್ತಿ ಬಂದೆವು. ನಾಲ್ಕನೇ ದಿನದಿಂದ ಒಂದೊಂದೇ ಖರೀದಿ ರದ್ದಾಗತೊಡಗಿತು. ಹಣ ಗ್ರಾಹಕರಿಗೆ ವಾಪಸ್ ಹೋಯಿತು. ಯಾರೂ ವಾಪಸ್ ಕೇಳಿರಲಿಲ್ಲ.

ಕಾರಣ ನಮ್ಮ ಕೋಡಿನಲ್ಲೇ ಇತ್ತು. ಪ್ಲೇ ಬಿಲ್ಲಿಂಗ್‌ನಲ್ಲಿ ಖರೀದಿ ಆದ ಮೇಲೆ, ಸರಕು ತಲುಪಿಸಿದ್ದೇವೆ ಅಂತ ನಿಮ್ಮ ಆ್ಯಪ್ ಅಥವಾ ಸರ್ವರ್ ಮೂರು ದಿನದೊಳಗೆ ದೃಢೀಕರಿಸಬೇಕು. ಡೆವಲಪರ್‌ಗಳ ಮಾತಿನಲ್ಲಿ ಅಕ್ನಾಲೆಜ್ ಮಾಡುವುದು. ಮಾಡದಿದ್ದರೆ ಹಣ ತಾನೇ ವಾಪಸ್ ಹೋಗುತ್ತದೆ. ಗ್ರಾಹಕನ ದೃಷ್ಟಿಯಿಂದ ಇದು ಸರಿಯಾದ ನಿಯಮವೇ. ನಾವು ಆ ಒಂದು ಸಾಲು ಬರೆದಿರಲಿಲ್ಲ. ನಿಜವಾದ ಹಣ ಕಡಿತವಾಗದ ಪರೀಕ್ಷಾ ಖಾತೆಯಲ್ಲಿ ಕೊಂಡು ಕಾದು ನೋಡಿದ್ದರೆ ಕೆಲವೇ ನಿಮಿಷಗಳಲ್ಲಿ ರದ್ದಾಗಿ, ತಪ್ಪು ಅಲ್ಲೇ ಸಿಗುತ್ತಿತ್ತು. ನಾವು ಕೊಂಡು ನೋಡಿದ್ದೆವು, ಆದರೆ ಐದು ನಿಮಿಷ ಕಾದಿರಲಿಲ್ಲ.

ಹಾಗಾಗಿ ಬಿಡುಗಡೆಗೆ ಮೊದಲು ಹೀಗೆ ಮಾಡಿ. ಪರೀಕ್ಷಾ ಖಾತೆಯಲ್ಲಿ ಕೊಳ್ಳಿ, ಹತ್ತು ನಿಮಿಷ ಕಾಯಿರಿ, ಚಂದಾ ಇನ್ನೂ ಇದೆಯೇ ನೋಡಿ. ಆ್ಯಪ್ ಅಳಿಸಿ ಮತ್ತೆ ಹಾಕಿ, ಖರೀದಿ ವಾಪಸ್ ಬರುತ್ತದೆಯೇ ನೋಡಿ. ಐಫೋನಿನಲ್ಲಿ ಹಳೆಯ ಖರೀದಿ ಮರಳಿಸುವ ಬಟನ್ ಇಡದಿದ್ದರೆ ಆ್ಯಪ್ ಪಾಸಾಗುವುದಿಲ್ಲ. ಹಣ ಕೊಡುವ ಮಧ್ಯೆ ನೆಟ್ ಆಫ್ ಮಾಡಿ. ಪಾಂಡವಪುರದಾಚೆ ಬಸ್ಸಿನಲ್ಲಿ ಕೂತವನಿಗೆ ಹೀಗೆ ಆಗೇ ಆಗುತ್ತದೆ.

ಹೆಜ್ಜೆ 6: ಎಲ್ಲಿ ಏನು ಹೇಳಬಹುದು

ವೆಬ್‌ಸೈಟಿನಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಆ್ಯಪಿನ ಒಳಗೇ ಬರೆದು ಲಿಂಕ್ ಕೊಟ್ಟರೆ ಆ್ಯಪ್ ತಿರಸ್ಕಾರವಾಗುವ ಅಪಾಯ ಇದೆ. ಆ್ಯಪಿನ ಹೊರಗೆ ಹೇಳುವುದಕ್ಕೆ ಅಡ್ಡಿ ಇಲ್ಲ. ಗ್ರಾಹಕರು ಒಪ್ಪಿ ಕೊಟ್ಟ ಇಮೇಲಿಗೆ ಬರೆಯಬಹುದು ಅಂತ ಆ್ಯಪಲ್ 2021ರಲ್ಲೇ ತನ್ನ ನಿಯಮದಲ್ಲಿ ಸೇರಿಸಿತು. ಆದ್ದರಿಂದ ಮೊದಲ ದಿನದಿಂದಲೇ, ಕೇಳಿ ಒಪ್ಪಿಗೆ ಪಡೆದು, ಇಮೇಲ್ ಪಟ್ಟಿ ಮಾಡಿಕೊಳ್ಳಿ.

ಅಮೆರಿಕದ ಸುದ್ದಿ ಓದಿ ಇಲ್ಲಿ ಬಟನ್ ಹಾಕಬೇಡಿ. ಆಟಗಳ ಕಂಪನಿ ಎಪಿಕ್ ಗೇಮ್ಸ್ ಆ್ಯಪಲ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2025ರ ಏಪ್ರಿಲ್ 30ರಂದು ನ್ಯಾಯಾಧೀಶೆ ಇವಾನ್ ಗೊನ್ಸಾಲೆಜ್ ರೋಜರ್ಸ್ ಕೊಟ್ಟ ಆದೇಶ ಹೊರಗಿನ ಲಿಂಕ್‌ಗೆ ದಾರಿ ತೆರೆದದ್ದು ಅಮೆರಿಕದ ಸ್ಟೋರಿಗೆ. ಯುರೋಪಿನಲ್ಲಿ ಬೇರೆ ಕಾನೂನು ಇದೆ. ಇದೇ ವಿಷಯಕ್ಕೆ ಅಲ್ಲಿ 2025ರ ಏಪ್ರಿಲ್‌ನಲ್ಲಿ ಆ್ಯಪಲ್‌ಗೆ 50 ಕೋಟಿ ಯೂರೊ ದಂಡ ಬಿತ್ತು. ದಕ್ಷಿಣ ಕೊರಿಯಾ 2021ರಲ್ಲೇ ಕಾನೂನು ಮಾಡಿತು. ಮೈಸೂರಿನ ಫೋನಿಗೆ ಭಾರತದ ಸ್ಟೋರಿನ ನಿಯಮವೇ ಲಾಗು.

ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 25ರಂದು ಪ್ಲೇ ಬಿಲ್ಲಿಂಗ್ ವಿಷಯಕ್ಕೆ ಗೂಗಲ್ಲಿಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚ್ 28ರಂದು ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಆ್ಯಪಲ್ ಮೇಲೂ ಆಯೋಗ 2021ರ ಡಿಸೆಂಬರ್‌ನಲ್ಲಿ ತನಿಖೆಗೆ ಆದೇಶಿಸಿತ್ತು.

ಡೆವಲಪರ್ ಆಗಿ ನನಗೆ ಇವೆಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು 2024ರ ಮಾರ್ಚ್ 1. ಶುಲ್ಕದ ಜಗಳದಲ್ಲಿ ಗೂಗಲ್ ಭಾರತದ ಹಲವು ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ತೆಗೆಯಿತು. ಮದುವೆ ಸಂಬಂಧ ಹುಡುಕುವ, ಕೆಲಸ ಹುಡುಕುವ ದೊಡ್ಡ ಹೆಸರುಗಳೇ ಅದರಲ್ಲಿದ್ದವು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ವಾಪಸ್ ಬಂದವು. ಅವರಿಗಾದರೆ ಮಂತ್ರಿಯವರೆಗೆ ದನಿ ಮುಟ್ಟುತ್ತದೆ. ಸರಸ್ವತಿಪುರಂನ ಇಬ್ಬರ ದನಿ ಎಲ್ಲಿಗೆ ಮುಟ್ಟೀತು? ಅದಕ್ಕೇ ಬ್ರೌಸರಿನಲ್ಲೂ ನಡೆಯುವ ವೆಬ್ ಆವೃತ್ತಿ ಇಟ್ಟುಕೊಳ್ಳಿ ಅನ್ನುವುದು. ಯಾರ ಚಂದಾ ಯಾವತ್ತಿನವರೆಗೆ ಇದೆ ಅನ್ನುವ ದಾಖಲೆ ನಿಮ್ಮ ಸರ್ವರಿನಲ್ಲೇ ಇರಲಿ. ಫೋನ್‌ಪೇ 2024ರ ಫೆಬ್ರುವರಿಯಲ್ಲಿ ತೆರೆದ ಇಂಡಸ್ ಆ್ಯಪ್‌ಸ್ಟೋರ್ ಕನ್ನಡದಲ್ಲೂ ಇದೆ. ಅಲ್ಲಿ ನಿಮ್ಮದೇ ಗೇಟ್‌ವೇ ಬಳಸಬಹುದು. ಗಿರಾಕಿಗಳ ಸಂಖ್ಯೆ ನೋಡಿ ಅಲ್ಲ, ಎರಡನೇ ಬಾಗಿಲು ಇರಲಿ ಅಂತ ಹಾಕಿಡಿ.

ಹೆಜ್ಜೆ 7: ಆ್ಯಪ್ ಕೊಳ್ಳುವವರಿಗೆ

ಮೊದಲು ವೆಬ್‌ಸೈಟ್ ನೋಡಿ. ಅದೇ ಚಂದಾ ಅಲ್ಲಿ ಕಡಿಮೆಗೆ ಸಿಗಬಹುದು. 2023ರ ಫೆಬ್ರುವರಿಯಲ್ಲಿ ಟ್ವಿಟರ್ ಭಾರತದಲ್ಲಿ ತಿಂಗಳ ಚಂದಾ ಶುರು ಮಾಡಿದಾಗ ವೆಬ್‌ನಲ್ಲಿ 650 ರೂಪಾಯಿ, ಮೊಬೈಲ್ ಆ್ಯಪಿನಲ್ಲಿ 900 ರೂಪಾಯಿ ಇತ್ತು. ಎರಡೂ ಕಡೆ ಸೇವೆ ಒಂದೇ.

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲಿನ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ಅಲ್ಲಿ ರದ್ದು ಮಾಡಬೇಕು. ಐಫೋನಿನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ನಿಮ್ಮ ಹೆಸರು, ಅದರೊಳಗೆ ಸಬ್‌ಸ್ಕ್ರಿಪ್ಷನ್ಸ್. ವೆಬ್‌ಸೈಟಿನಲ್ಲಿ ಕೊಂಡಿದ್ದರೆ ಇಲ್ಲಿ ಕಾಣುವುದಿಲ್ಲ. ಆಗ ಯುಪಿಐ ಆ್ಯಪಿನ ಆಟೋಪೇ ಪಟ್ಟಿ ನೋಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ, ತಾನೇ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕು. 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಒಟಿಪಿ ಕೇಳುವುದಿಲ್ಲ. ಹಾಗಾಗಿ ಆ ಸಂದೇಶವನ್ನು ಜಾಹೀರಾತು ಅಂದುಕೊಂಡು ಅಳಿಸಬೇಡಿ.

ತಪ್ಪಾಗಿ ಕೊಂಡಿದ್ದರೆ ತಡ ಮಾಡಬೇಡಿ. ಪ್ಲೇಯಲ್ಲಿ 48 ಗಂಟೆಯೊಳಗೆ ಗೂಗಲ್ಲಿಗೇ ವಾಪಸಾತಿ ಕೇಳಬಹುದು. ಆಮೇಲಾದರೆ ಡೆವಲಪರ್‌ಗೆ ಬರೆಯಿರಿ. ನಮ್ಮಂಥ ಸಣ್ಣವರು ಬಹುತೇಕ ಕೊಟ್ಟುಬಿಡುತ್ತೇವೆ. ಆ್ಯಪಲ್‌ನಲ್ಲಿ ಕೊಂಡದ್ದಕ್ಕೆ ಹಣ ಮರಳಿಸುವುದು ಆ್ಯಪಲ್ ಕೈಯಲ್ಲೇ ಇದೆ, ಡೆವಲಪರ್ ಕೈಯಲ್ಲಿಲ್ಲ. ಅವರ ರಿಪೋರ್ಟ್ ಎ ಪ್ರಾಬ್ಲಂ ಪುಟದಲ್ಲಿ ಕೇಳಿ. ಮಕ್ಕಳ ಕೈಗೆ ಫೋನ್ ಕೊಡುವ ಮನೆಗಳಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಇಂದೇ ಮಾಡಿಡಿ.

ಸೇರುವಾಗ ಒಂದೇ ಬಟನ್, ಬಿಡುವಾಗ ಹತ್ತು ಪುಟ ತಿರುಗಿಸುವ ಆ್ಯಪ್‌ಗಳಿವೆ. 2023ರ ನವೆಂಬರ್ 30ರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಚಂದಾ ಬಲೆ ಅದರಲ್ಲಿ ಒಂದು. ರದ್ದು ಮಾಡಲು ಬಿಡದ ಪುಟದ ಸ್ಕ್ರೀನ್‌ಶಾಟ್, ಹಣ ಕಡಿತದ ಸಂದೇಶ, ನೀವು ಬರೆದ ಇಮೇಲ್ ಮೂರನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.